ಉದಾಹರಣೆಗೆ, ಫಕ್ರೋದ್ದೀನ ಸಾಹೇಬರ ಹೋಟೆಲು

ರಾಜರತ್ನನಿಗೆ ಉದಾಹರಣೆ ಸಿಕ್ಕದ್ದೇ ತಪ್ಪಾಯಿತು. ಸಿಗದೆ ಹೋಗಿದ್ದರೆ ಅವನು ಔರಾದಿನ ಸಮುದಾಯ ಭವನದಲ್ಲಿ ಹೇಗೋ ಒದ್ದಾಡಿ, ಬೆವರೊರೆಸಿಕೊಂಡು, ಸಂಜೆಗೆ ಬಸ್ಸು ಹತ್ತಿ ಮನೆ ಸೇರುತ್ತಿದ್ದ. ಕೇಳಿದವರಿಗೆ ಏನೂ ತಿಳಿಯುತ್ತಿರಲಿಲ್ಲ, ಯಾರಿಗೂ ಏನೂ ಆಗುತ್ತಿರಲಿಲ್ಲ.

ರಾಜರತ್ನ ಬೀದರಿನವನು. ಎಂ.ಕಾಂ. ಓದಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಪ್ರತಿ ವರ್ಷ ರಜೆ ಬಂದ ಕೂಡಲೇ ಅವನನ್ನು ಎಬ್ಬಿಸಿ ಕಳಿಸುತ್ತಿದ್ದರು; ಮತ್ತೆ ಕರೆಯುವವರೆಗೆ ಅವನು ಮನೆಯಲ್ಲಿ ಕೂತು ಗೋಡೆಯ ಹಲ್ಲಿಗೆ ಲೆಕ್ಕಶಾಸ್ತ್ರ ಹೇಳಿಕೊಡುವುದೊಂದು ಬಾಕಿ. ಈ ಸಲ ಭಾಲ್ಕಿಯ ಒಂದು ತರಬೇತಿ ಸಂಸ್ಥೆಯವರು ಖಾಯಂ ಮಾಸ್ತರನನ್ನು ಹುಡುಕುತ್ತಿದ್ದರು. ಹೊಸದಾಗಿ ಸಣ್ಣಪುಟ್ಟ ವ್ಯಾಪಾರಕ್ಕೆ ಇಳಿಯುವವರಿಗೆ ಬಂಡವಾಳ ಅಂದರೇನು, ನಿವ್ವಳ ಲಾಭ ಅಂದರೇನು, ಸವಕಳಿ ಅಂದರೇನು ಎಂದು ತಿಳಿಯುವ ಹಾಗೆ ಹೇಳುವ ಕೆಲಸ. ಸಂಸ್ಥೆಯ ಕಾರ್ಯದರ್ಶಿ ಶಿವರಾಜಪ್ಪನವರು ಬ್ಯಾಂಕಿನಿಂದ ನಿವೃತ್ತರಾದವರು. ಅವರು ಕೊನೆಗೆ ಇಬ್ಬರನ್ನು ಉಳಿಸಿಕೊಂಡಿದ್ದರು. ಒಬ್ಬ ಉಮೇರ, ಇನ್ನೊಬ್ಬ ರಾಜರತ್ನ. ಉಮೇರ ಹೋದ ವಾರವೇ ಖಟಕ ಚಿಂಚೋಳಿಯಲ್ಲಿ ಪಾಠ ಮಾಡಿ ಬಂದಿದ್ದ. ಅಲ್ಲಿ ಜನ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಮಲಗಿದ್ದರಂತೆ.

"ಈಗ ಔರಾದದಾಗ ನೀವು ಮಾಡಿ ತೋರಸ್ರಿ," ಎಂದು ಶಿವರಾಜಪ್ಪ ಫೋನಿನಲ್ಲಿ ಹೇಳಿದ್ದರು. "ಮಂದಿಗಿ ತಿಳೀತಂದ್ರ ಕೆಲಸ ನಿಮ್ದೇ. ಆದ್ರ ಒಂದ ಮಾತು. ಪುಸ್ತಕದಾನ ಉದಾಹರಣಿ ಬ್ಯಾಡ್ರಿ, ಊರಾನ ಉದಾಹರಣಿ ಕೊಡ್ರಿ. ಸಂಜಿಗಿ ಭಾಲ್ಕಿಗಿ ಬಂದು ಭೆಟ್ಟಿಯಾಗ್ರಿ."

ಮುಂಜಾನೆ ಹೊರಡುವಾಗ ಹೆಂಡತಿ ಸಪ್ನಾ ಬಾಗಿಲಿಗೆ ಬಂದು ಅವನ ಅಂಗಿಯ ಕಾಲರು ಸರಿ ಮಾಡಿದಳು. "ಅತಿಥಿ ಆಗಿದ್ದು ಸಾಕ್ರಿ. ಈ ಸಲ ಖಾಯಂ ಆಗೇ ಬರ್ರಿ."

"ಆಗೇ ಬರ್ತೇನಿ," ಎಂದ ರಾಜರತ್ನ.

ಔರಾದಿನ ಭವನದಲ್ಲಿ ಮೂವತ್ತು ಮಂದಿ ಸೇರಿದ್ದರು. ಹಪ್ಪಳ ಮಾಡುವವರು, ಮೊಬೈಲು ರಿಪೇರಿ ಅಂಗಡಿ ಹಾಕಲು ಹೊರಟವರು, ಕೋಳಿ ಸಾಕುವವರು. ಮುಂದಿನ ಸಾಲಿನ ನಡುವೆ ಖೈರುನ್ನಿಸಾ ಎಂಬ ಟೇಲರ್ ಬಾಯಿ ಕೂತಿದ್ದಳು. ಆಕೆಗೆ ಊರಿನ ಎಲ್ಲರ ಎದೆಯ ಸುತ್ತಳತೆಯೂ ಗೊತ್ತು, ಎದೆಯೊಳಗಿನದೂ ಗೊತ್ತು ಎಂದು ಜನ ಹೇಳುತ್ತಿದ್ದರು.

ರಾಜರತ್ನ ರೂಢಿಯಂತೆ ಶುರು ಮಾಡಿದ. "ಎ ಅಂತ ಒಬ್ಬ ವ್ಯಾಪಾರಿ ಇದ್ದ ಅಂತ ತಿಳಕೋರಿ."

"ಎ ಅಂದ್ರ ಯಾರ್ರಿ ಸರ್?" ಎಂದಳು ಖೈರುನ್ನಿಸಾ.

"ಯಾರೂ ಅಲ್ರಿ. ಸುಮ್ನ ತಿಳಕೋಬೇಕು."

"ಯಾವ ಊರಾಂವ?"

"ಯಾವ ಊರಾಂವನೂ ಅಲ್ರಿ. ಅವಗ ಲಾಭ ಆಯ್ತು ಅಂತ ಇಟ್ಕೋರಿ."

"ಯಾರೂ ಅಲ್ಲದಾಂವಗ ಲಾಭ ಆದ್ರೇನು, ಲುಕ್ಸಾನ ಆದ್ರೇನು ಬಿಡ್ರಿ," ಎಂದು ಹಿಂದಿನಿಂದ ಕೋಳಿ ಸಾಕುವವನೊಬ್ಬ ಹೇಳಿ ಆಕಳಿಸಿದ. ಆಕಳಿಕೆ ಬಿತ್ತನೆಯ ಕೂರಿಗೆಯ ಹಾಗೆ ಸಾಲು ಹಿಡಿದು ಹೊರಟಿತು. ರಾಜರತ್ನನಿಗೆ ಖಟಕ ಚಿಂಚೋಳಿಯ ಹೆಗಲುಗಳು ಕಣ್ಣಿಗೆ ಕಟ್ಟಿದವು.

ಅದೇ ಹೊತ್ತಿಗೆ ಚಹಾದ ಕಿಟ್ಲಿ ಹಿಡಿದು ಫಕ್ರೋದ್ದೀನ ಸಾಹೇಬರು ಒಳಗೆ ಬಂದರು. ಬಸ್ ನಿಲ್ದಾಣದ ಎದುರಿನ ಗುಲ್ಶನ್ ಹೋಟೆಲು ಅವರದು. ಮೆಹಂದಿ ಹಚ್ಚಿದ ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾ. ತರಬೇತಿಯ ಚಹಾ ತಾವೇ ಕೊಡಬೇಕೆಂದು ಬಂದಿದ್ದರು. ಅವರನ್ನು ನೋಡಿದ್ದೇ ಮೂವತ್ತು ಮುಖಗಳು ಅರಳಿದವು. ಮುಳುಗುವವನಿಗೆ ಸೋರೆಬುರುಡೆ ಸಿಕ್ಕಂತೆ ರಾಜರತ್ನ ಆ ಕಿಟ್ಲಿಯನ್ನು ಹಿಡಿದುಕೊಂಡ.

"ಎ ಬ್ಯಾಡ್ರಿ, ಬಿಡ್ರಿ. ಉದಾಹರಣಿಗಿ ನಮ್ಮ ಫಕ್ರೋದ್ದೀನ ಸಾಹೇಬ್ರ ಹೋಟೆಲ್ ತಗೋರಿ. ಸಾಹೇಬ್ರು ಹೋಟೆಲ್ ಹಾಕೋಮುಂದ ಕೈಯಾಗ ರೊಕ್ಕ ಬೇಕಿತ್ತಲ್ಲ? ಅದಕ್ಕ ಬಂಡವಾಳ ಅಂತಾರ."

"ನಮ್ಮ ಅಮ್ಮೀದು ಬೆಳ್ಳಿ ಕಡಗ ಮಾರಿ ತಂದಿದ್ದೆ," ಎಂದರು ಫಕ್ರೋದ್ದೀನ ಅಭಿಮಾನದಿಂದ.

"ನೋಡ್ರಿ! ಆ ಕಡಗದ ರೊಕ್ಕನೇ ಬಂಡವಾಳ. ಅದರಾಗ ಒಲಿ, ಟೇಬಲ್ಲು, ಫ್ರಿಜ್ಜು ತಗೊಂಡ್ರು. ಅವು ಆಸ್ತಿ. ದಿನಾ ಗಲ್ಲಾದಾಗ ಬೀಳೋದೆಲ್ಲಾ ವಹಿವಾಟು, ಅದು ಲಾಭ ಅಲ್ಲ. ಅದರಾಗ ಹಾಲು, ಸಕ್ಕರಿ, ಚಾಪತ್ತಿ ಖರ್ಚು ಕಳೀರಿ, ಒಟ್ಟು ಲಾಭ ಉಳೀತು. ಅದರಾಗ ಬಾಡಿಗಿ, ಕರೆಂಟು, ಆಳಿನ ಪಗಾರ ಕಳೀರಿ, ನಿವ್ವಳ ಲಾಭ ಉಳೀತು."

"ಅದರಾಗ ಪುಕ್ಕಟೆ ಕುಡಿದು ಹೋಗೋರ್ನೂ ಕಳೀರಿ ಮಾಸ್ತರ ಸಾಬ್," ಎಂದರು ಫಕ್ರೋದ್ದೀನ.

ಸಭೆ ಗೊಳ್ಳೆಂದಿತು. ಹಪ್ಪಳದ ಹೆಂಗಸರು ಬರೆದುಕೊಳ್ಳತೊಡಗಿದರು. ಕೋಳಿಯವನು ಆಕಳಿಕೆ ನುಂಗಿ ನೆಟ್ಟಗೆ ಕೂತ. ಕಪ್ಪುಗಳನ್ನು ಕೂಡಿಸಿಕೊಂಡು ಹೊರಡುವಾಗ ಫಕ್ರೋದ್ದೀನ ಬಾಗಿಲಲ್ಲಿ ನಿಂತು ಕೇಳಿದರು.

"ನನ್ನ ಹೆಸರು ಇಷ್ಟು ಬಳಸ್ಲಾಕತ್ತೀರಿ. ಉದಾಹರಣಿ ಆದವ್ರಿಗಿ ಏನರ ಸಿಗ್ತದೇನ್ರಿ?"

"ಉದಾಹರಣಿಗಿ ಏನು ಸಿಗ್ತದ್ರಿ ಸಾಹೇಬ್ರ," ಎಂದು ರಾಜರತ್ನ ನಕ್ಕ. "ಒಂದು ಚಾ, ಅಷ್ಟೇ."

"ಆ ಚಾ ಸುದ್ದಾ ನಂದೇ ಅದಲ್ರಿ," ಎನ್ನುತ್ತ ಅವರು ನಗುತ್ತಲೇ ಹೋದರು.

ಅವರು ಇನ್ನೊಂದು ಗಳಿಗೆ ನಿಂತಿದ್ದರೆ ಚೆನ್ನಾಗಿತ್ತು. ಯಾಕೆಂದರೆ ಸಿಕ್ಕ ಉದಾಹರಣೆಯನ್ನು ರಾಜರತ್ನ ಆಮೇಲೆ ಕೈಬಿಡಲಿಲ್ಲ. ಮೊದಲ ಸಲ ಸೈಕಲ್ಲಿನ ಸಮತೋಲ ಸಿಕ್ಕ ಹುಡುಗನ ಹಾಗೆ ತುಳಿದದ್ದೇ ತುಳಿದದ್ದು. ಸಾಹೇಬರ ಫ್ರಿಜ್ಜಿನ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತ ಹೋದರೆ ಅದು ಸವಕಳಿ ಎಂದ. ಅವರು ಹಾಲಿನವನಿಗೆ ಕೊಡಬೇಕಾದ ಉದ್ರಿ ಇದ್ದರೆ ಅದು ಬಾಧ್ಯತೆ ಎಂದ. ಗುಲ್ಶನ್ ಎಂಬ ಹೆಸರು ಕೇಳಿಯೇ ಗಿರಾಕಿ ಬರುತ್ತಾರಲ್ಲ, ಆ ಹೆಸರಿಗೇ ಒಂದು ಬೆಲೆಯಿದೆ, ಅದಕ್ಕೆ ಗುಡ್‌ವಿಲ್ ಅನ್ನುತ್ತಾರೆ, ಬೇಕಾದರೆ ಹೆಸರನ್ನೇ ಮಾರಬಹುದು ಎಂದ. ಕೊನೆಗೆ ಬಲಗೈ ಎತ್ತಿ ಹೇಳಿದ.

"ಈಗ ಸಾಹೇಬ್ರ ಹತ್ರ ಇರೋದಕ್ಕಿಂತ ಕೊಡೋದು ಹೆಚ್ಚಾಯ್ತು ಅಂತ ಇಟ್ಕೋರಿ. ಫ್ರಿಜ್ ಮಾರಿದ್ರೂ ತೀರಾಂಗಿಲ್ಲ, ಟೇಬಲ್ ಮಾರಿದ್ರೂ ತೀರಾಂಗಿಲ್ಲ. ಹೋಟೆಲ್ ಮುಳುಗ್ತು. ಇದಕ್ಕ ದಿವಾಳಿ ಅಂತಾರ."

ಸಭೆಯಲ್ಲಿ ಪೆನ್ನುಗಳು ನಿಂತವು. ಒಬ್ಬರೂ ಕೆಮ್ಮಲಿಲ್ಲ. ಖೈರುನ್ನಿಸಾ ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟು ಏಕಾಗ್ರತೆ ರಾಜರತ್ನ ತನ್ನ ಕಾಲೇಜಿನಲ್ಲಿ ಒಂದು ದಿನವೂ ಕಂಡಿರಲಿಲ್ಲ. ಕೆಲಸ ತನ್ನದೇ ಎಂದು ಅವನಿಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಆ ಕಡೆಯ ಪೇಟೆಗಳಲ್ಲಿ ಯಾರೂ ಅಂಗಡಿಯ ಕೇಡಿನ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ. ಸಕ್ಕರೆ ಮುಗಿದರೆ ಮುಗಿದಿದೆ ಅನ್ನರು, "ಸಕ್ಕರಿ ಹೆಚ್ಚಾಗೇದ" ಅನ್ನುತ್ತಾರೆ. ರಾತ್ರಿ ಕದ ಹಾಕಿದರೆ ಅಂಗಡಿ ಮುಚ್ಚಿದೆ ಅನ್ನರು, "ದುಕಾನ ಬಢಾಯಿಸೇವಿ" ಅನ್ನುತ್ತಾರೆ, ಅಂದರೆ ಅಂಗಡಿ ಬೆಳೆಸಿದ್ದೇವೆ ಎಂದು. ಇನ್ನು ಒಬ್ಬನ ಹೆಸರು ಹಿಡಿದು ಅವನ ವ್ಯಾಪಾರ ಮುಳುಗಿತು ಎಂದು ತಮಾಷೆಗೂ ಯಾರೂ ನಾಲಿಗೆ ಹೊರಳಿಸುವುದಿಲ್ಲ. ಹೊರಳಿಸಿದರೆಂದರೆ ಅದು ನಡೆದುಹೋದ ಮಾತೇ. ಬೀದರಿನಲ್ಲೂ ಈ ರೂಢಿ ಇಲ್ಲವೆಂದಲ್ಲ. ಆದರೆ ರಾಜರತ್ನ ಹುಟ್ಟಿದಂದಿನಿಂದ ಅಂಗಡಿಯ ಈಚೆ ನಿಂತು ಸಾಮಾನು ಕೇಳಿದವನೇ ಹೊರತು ಗಲ್ಲಾದ ಆಚೆ ಕೂತವನಲ್ಲ.

ಊಟದ ಬಿಡುವಿಗೆ ಅವನು ಗುಲ್ಶನ್ ಹೋಟೆಲಿಗೆ ಬಂದಾಗ ಬಾಗಿಲಿಗೆ ಒಂದು ಲಗೇಜ್ ಆಟೋ ಅಡ್ಡ ನಿಂತಿತ್ತು. ಖೈರುನ್ನಿಸಾಳ ಗಂಡ ಹಗ್ಗ ಹಿಡಿದುಕೊಂಡು ಫ್ರಿಜ್ಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಎರಡನೆಯದಕ್ಕೆ ಹೊರಟಿದ್ದ. ಗಲ್ಲಾದ ಮುಂದೆ ಡಾಬಕಾ ಹಳ್ಳಿಯಿಂದ ಹಾಲು ಹಾಕುವ ಸಂತೋಷಕುಮಾರ ಖಾಲಿ ಕ್ಯಾನಿನ ಮೇಲೆ ಕೂತಿದ್ದ. ಫಕ್ರೋದ್ದೀನ ಸಾಹೇಬರು ಒಬ್ಬರನ್ನು ಬಿಟ್ಟು ಒಬ್ಬರನ್ನು ಕೇಳುತ್ತಿದ್ದರು.

"ಅರೇ, ಏನಾಗೇದ ಅಂತ ಯಾರರ ಹೇಳ್ತೀರೇನು?"

"ನಮ್ಮ ಬಾಯಿಂದ ಬ್ಯಾಡ್ರಿ ಸಾಹೇಬ್ರ," ಎಂದ ಸಂತೋಷಕುಮಾರ ನೆಲ ನೋಡುತ್ತ. "ನಾ ಹಬ್ಬದ ತನಕ ಕೇಳ್ತಿದ್ದಿಲ್ಲ. ಆದ್ರ ನನ್ನ ಎಮ್ಮಿಗಿ ಹಿಂಡಿ ತರಬೇಕಲ್ರಿ."

"ನಿನ್ನ ಹಿಸಾಬು ತಿಂಗಳ ಕೊನಿಗಿ ಅದಲ್ಲೋ! ಇವತ್ತೇ ಯಾಕ?"

"ಮಂದಿ ಹೇಳ್ಲಾಕತ್ತಾರ್ರಿ… ನಿಮ್ದು… ಹೆಚ್ಚಾಗೇದಂತ."

ಫಕ್ರೋದ್ದೀನರ ಮುಖ ಗಡ್ಡದ ಮೆಹಂದಿಯ ಮೇಲಕ್ಕೆ ಪೂರ್ತಿ ಬಿಳಿಚಿತು. "ಯಾ ಅಲ್ಲಾ! ಯಾರು ಹೇಳಿದ್ರು?"

ಎಲ್ಲರೂ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ರಾಜರತ್ನ, ಚಪಾತಿ ಸಿಗುತ್ತದೇನೋ ಎಂಬ ಮುಖ ಮಾಡಿಕೊಂಡು ನಿಂತಿದ್ದ.

ಸಂಗತಿ ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ತನಗೆ ಬರುವ ಒಂದೇ ಕೆಲಸ ಮಾಡಿದ. ವಿವರಿಸತೊಡಗಿದ.

"ಸಂತೋಷಕುಮಾರ, ಅದು ಬಾಧ್ಯತೆ ಅಂತ. ಬಾಧ್ಯತೆ ಕೆಟ್ಟದ್ದಲ್ರಿ. ಎಲ್ಲಾ ವ್ಯಾಪಾರದಾಗೂ ಇರ್ತದ. ನಿಮಗಷ್ಟೇ ಅಲ್ಲ, ಕಿರಾಣಿ ಅಂಗಡಿಗಿ, ಗ್ಯಾಸಿನವ್ರಿಗಿ, ಎಲ್ಲರಿಗೂ ಕೊಡೋದು ಇದ್ದೇ ಇರ್ತದ."

"ಬರ, ಬರ," ಎಂದು ಮರಾಠಿಯಲ್ಲಿ ಹೇಳಿ, ಸರಿ ಸರಿ ಎಂಬಂತೆ ಸಂತೋಷಕುಮಾರ ತಲೆದೂಗಿದ. "ಅಂದ್ರ ಅವ್ರಿಗೂ ಕೊಡೋದದ. ಹಂಗಾರ ನಾ ಮೊದಲು ಬಂದಿದ್ದೇ ಛಲೋ ಆಯ್ತು." ಅವನು ಕ್ಯಾನಿನ ಮೇಲೆ ಇನ್ನಷ್ಟು ಭದ್ರವಾಗಿ ಕೂತ. ಹಿಂದಿನ ಟೇಬಲ್ಲಿನಿಂದ ಯಾರೋ ಎದ್ದು ಕಿರಾಣಿ ಅಂಗಡಿಯ ಕಡೆ ಲಗುಬಗೆಯಿಂದ ನಡೆದರು.

"ಫ್ರಿಜ್ ಮಾರಾಂಗಿಲ್ರಿ," ಎಂದು ರಾಜರತ್ನ ಆಟೋದ ಕಡೆ ತಿರುಗಿದ. "ಅದರ ಬೆಲಿ ಇಳಿದದ ಅಂತ ಹೇಳಿದ್ದು, ಅಷ್ಟೇ."

"ಅದಕ್ಕೇ ಬಂದೀನ್ರಿ," ಎಂದ ಖೈರುನ್ನಿಸಾಳ ಗಂಡ. "ಇಳಿದಾಗೇ ತಗೋಬೇಕಲ್ರಿ."

ಈ ದಾರಿ ಸರಿಯಿಲ್ಲವೆಂದು ರಾಜರತ್ನ ದಿಕ್ಕು ಬದಲಿಸಿದ. ಹೋಟೆಲಿನ ನಡುವೆ ನಿಂತು ಎರಡೂ ಕೈಯೆತ್ತಿ ಕೂಗಿದ. "ಎಲ್ಲರೂ ಕೇಳ್ರಿ! ಸಾಹೇಬ್ರಿಗಿ ನಷ್ಟ ಇಲ್ಲ! ಲಾಭ ಅದ! ಭಾಳ ಲಾಭ ಅದ! ನಿವ್ವಳ ಲಾಭ!"

ಅದು ಕೆಲಸ ಮಾಡಿತು. ಕಿರಾಣಿಯವನು ಅರ್ಧ ದಾರಿಯಿಂದ ತಿರುಗಿ ಹೋದ. ಅವನ ಜಾಗಕ್ಕೆ ಕ್ರಿಕೆಟ್ ಟೂರ್ನಮೆಂಟಿನ ಹುಡುಗರು ಚಂದಾ ಪಾವತಿ ಪುಸ್ತಕ ಹಿಡಿದು ಬಂದರು. "ಸಾಹೇಬ್ರ, ಹೋದ ವರ್ಷ ನೂರು ಕೊಟ್ಟಿದ್ರಿ. ಈಗ ಭಾಳ ಲಾಭ ಅದಂತ. ಮೊದಲನೇ ಬಹುಮಾನ ನಿಮ್ಮ ಹೆಸರಿನಾಗೇ ಬರಕೊಂಡೇವಿ." ಅವರ ಬೆನ್ನಿಗೇ ಫಕ್ರೋದ್ದೀನರ ಅಣ್ಣ ಕುತುಬೋದ್ದೀನ ಕೋಲು ಊರುತ್ತ ಒಳಗೆ ಬಂದರು. ಅಣ್ಣತಮ್ಮಂದಿರಲ್ಲಿ ವರ್ಷಗಳಿಂದ ಹಬ್ಬದ ದಿನವಷ್ಟೇ ಮಾತು.

"ಲಾಭನೂ ಅದ, ಅಬ್ಬಾ ಇಟ್ಟ ಹೆಸರೂ ಮಾರಿದಿ?" ಎಂದು ಕುತುಬೋದ್ದೀನ ಕೋಲಿನಿಂದ ಗುಲ್ಶನ್ ಎಂಬ ಬೋರ್ಡನ್ನು ತೋರಿಸಿದರು. "ಈ ಹೆಸರು ಅಬ್ಬಾ ಇಟ್ಟಿದ್ದು. ಮಾರಿದ್ದಿದ್ರ ಅರ್ಧ ನಂದು. ಮಾರಿಲ್ಲಂದ್ರ ಬೋರ್ಡ್ ಯಾಕ ಒರಸ್ಲಾಕತ್ತಾರ?"

ಬೋರ್ಡನ್ನು ಯಾರೂ ಒರೆಸುತ್ತಿರಲಿಲ್ಲ. ಮೊಬೈಲು ರಿಪೇರಿ ಅಂಗಡಿ ಹಾಕಲು ಹೊರಟ ಯುವಕನೊಬ್ಬ ಏಣಿ ಇಟ್ಟು, ತನ್ನ ಅಂಗಡಿಗೆ ಹೊಂದುತ್ತದೋ ಇಲ್ಲವೋ ಎಂದು ಟೇಪು ಹಿಡಿದು ಅಳೆಯುತ್ತಿದ್ದ. "ಗುಡ್‌ವಿಲ್ ಅಳತೀ ಎಷ್ಟಿರ್ತದ್ರಿ ಸರ್?" ಎಂದು ಅವನು ಮೇಲಿನಿಂದಲೇ ಕೇಳಿದ.

ಅಷ್ಟರಲ್ಲಿ ಫಕ್ರೋದ್ದೀನರ ಜೇಬಿನಲ್ಲಿ ಫೋನು ರಿಂಗಾಯಿತು. ಹೆಸರು ನೋಡಿ ಅವರು ಗದ್ದಲಕ್ಕೆಲ್ಲ ಕೈಸನ್ನೆ ಮಾಡಿ, ಜುಬ್ಬಾ ಎಳೆದುಕೊಂಡು, ನಿಂತೇ ಮಾತಾಡಿದರು. ಸಲಾಮು ಹೇಳಿದರು. ಹೂಂ ಅಂದರು. ಇನ್ನೊಮ್ಮೆ ಹೂಂ ಅಂದರು. ಆಮೇಲೆ ಮೆಲ್ಲಗೆ ಸಕ್ಕರೆ ಚೀಲದ ಮೇಲೆ ಕೂತರು.

"ಭಾಲ್ಕಿಯಿಂದ ಜುಲ್ಫೀಕಾರ ಭಾಯಿ," ಎಂದರು ಫೋನಿಗೆ ಕೈ ಅಡ್ಡ ಹಿಡಿದು. "ಸ್ಟೇಷನ್ ರೋಡಿನಾಗ ಹಾರ್ಡ್‌ವೇರ್ ಅಂಗಡಿ ಅದ ಅವ್ರುದು. ಅವ್ರ ಮಗಗ ನಮ್ಮ ಮಗಳು ಅಂಬರೀನಳ್ನ ಕೊಡ್ಲಾಕ ಮಾತಾಗೇದ. ಶುಕ್ರವಾರ ಮಂಗ್ನಿ, ಮದುವಿ ನಿಶ್ಚಯ. ಇಲ್ಲಿಂದ ಯಾರೋ ಫೋನ್ ಮಾಡಿ ಹೇಳ್ಯಾರಂತ, ಈಗ ಮುಂದ ಹಾಕೋಣ ಅಂತಾರ." ಅವರ ದನಿ ಸಣ್ಣದಾಯಿತು. "ಲುಕ್ಸಾನ ಆಗಿದ್ದಕ್ಕಲ್ಲಂತ. ಆಗಿದ್ದು ಮುಚ್ಚಿಟ್ಟಿದ್ದಕ್ಕಂತ. ನಾ ಏನು ಮುಚ್ಚಿಟ್ಟೀನಿ ಮಾಸ್ತರ ಸಾಬ್? ಹುಡುಗಿ ಮುಂಜಾನಿಂದ ಮೆಹಂದಿ ಅರೀಲಾಕತ್ತಾಳ."

ಏಣಿಯ ಮೇಲಿನವನೂ ಟೇಪು ಸುತ್ತಿಕೊಂಡ. ಕುತುಬೋದ್ದೀನರು ಕೋಲು ಗೋಡೆಗೆ ಒರಗಿಸಿ ತಮ್ಮನ ಪಕ್ಕಕ್ಕೆ ಬಂದು ನಿಂತರು. ರಾಜರತ್ನ ಫೋನು ಇಸಿದುಕೊಂಡ. ಎಲ್ಲರಿಗೂ ಕೇಳಿಸಲೆಂದು ಯಾರೋ ಸ್ಪೀಕರ್ ಒತ್ತಿದರು.

"ಜುಲ್ಫೀಕಾರ ಸಾಹೇಬ್ರ, ನಾ ರಾಜರತ್ನ ಅಂತ. ಆ ಮಾತು ಹೇಳ್ದವ ನಾನೇ. ಅದು ಖರೇ ಅಲ್ರಿ. ಉದಾಹರಣಿಗಿ ಹೇಳಿದ್ದು."

"ಉದಾಹರಣಿ ಅಂದ್ರ?" ಎಂದಿತು ಆಚೆಯ ದನಿ, ಬೇಸರದಿಂದ ಆದರೆ ಸಭ್ಯವಾಗಿ.

"ಆಗಿಲ್ಲದ್ದನ್ನ ಆಗೇದಂತ ತಿಳಕೊಂಡು ಹೇಳೋದ್ರಿ."

"ಮಾಸ್ತರ್ರೇ, ನಾವೂ ಅಂಗಡಿ ಇಟ್ಟವ್ರು. ಆಗಿಲ್ಲದ ಲುಕ್ಸಾನು ಹೆಸರು ಹಿಡಿದು ನಾಲ್ಕು ಮಂದ್ಯಾಗ ಯಾವ ಮನುಷ್ಯ ಹೇಳ್ತಾನ್ರಿ? ನೀವು ಓದಿದವ್ರು. ಇಷ್ಟು ದೊಡ್ಡ ಮಾತು ಎಲ್ಲೋ ಆಗಿದ್ದೇ ಹೇಳಿರಬೇಕು. ಫಕ್ರೋದ್ದೀನ ಭಾಯಿದಲ್ಲಂದ್ರ ಮತ್ತ ಯಾರ್ದು?"

ರಾಜರತ್ನ ಸುತ್ತ ನೋಡಿದ. ಸಂತೋಷಕುಮಾರ ಕೂಡಲೇ ತಲೆ ಅಲ್ಲಾಡಿಸಿ ತನ್ನದಲ್ಲವೆಂದ. ಖೈರುನ್ನಿಸಾಳ ಗಂಡ ಹಗ್ಗ ಬೆನ್ನ ಹಿಂದೆ ಮರೆಸಿದ. ಯಾರ ಹೆಸರು ಹೇಳಿದರೂ ಇನ್ನೊಂದು ಅಂಗಡಿಯ ಮುಂದೆ ಇನ್ನೊಂದು ಆಟೋ ಬಂದು ನಿಲ್ಲುವುದು ಅವನಿಗೆ ಈಗ ಕಣ್ಣಿಗೆ ಕಾಣುತ್ತಿತ್ತು. ಸಕ್ಕರೆ ಚೀಲದ ಮೇಲಿನ ಮುಖವೂ ಕಾಣುತ್ತಿತ್ತು.

"ನಂದು," ಎಂದ ರಾಜರತ್ನ.

"ಏನಂದ್ರಿ?"

"ನಂದೇರಿ. ನಾನೇ ಅಂಗಡಿ ಇಟ್ಟಿದ್ದೆ. ಬಂಡವಾಳ ಹೋಯ್ತು. ಇರೋದಕ್ಕಿಂತ ಕೊಡೋದು ಹೆಚ್ಚಾಯ್ತು. ಫ್ರಿಜ್ ಮಾರಿದ್ರೂ ತೀರ್ಲಿಲ್ಲ. ದಿವಾಳಿ ಆದೆ. ನನ್ನ ಹೆಸರು ಹೇಳ್ಲಾಕ ನಾಚಿಕಿ ಆಗಿ ಸಾಹೇಬ್ರ ಹೆಸರು ತಗೊಂಡೆ."

ಆಚೆಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು. ತನ್ನ ನಷ್ಟವನ್ನು ತನ್ನ ಬಾಯಿಂದಲೇ ಹೇಳಿಕೊಳ್ಳುವವನು ಆ ಸೀಮೆಯಲ್ಲಿ ಇಲ್ಲವೇ ಇಲ್ಲ. ಹೇಳಿಕೊಂಡನೆಂದರೆ ಆಮೇಲೆ ಪುರಾವೆ ಕೇಳುವ ಹಾಗೂ ಇಲ್ಲ.

"ಅಲ್ಲಾ ನಿಮಗ ಒಳ್ಳೇದು ಮಾಡ್ಲಿ ಮಾಸ್ತರ್ರೇ," ಎಂದರು ಜುಲ್ಫೀಕಾರ. "ಫಕ್ರೋದ್ದೀನ ಭಾಯಿಗಿ ಹೇಳ್ರಿ, ಶುಕ್ರವಾರ ಬರ್ತೇವಿ."

ಹೋಟೆಲು ಒಮ್ಮೆಲೇ ಉಸಿರು ಬಿಟ್ಟಿತು. ಏಣಿ ಇಳಿಯಿತು, ಆಟೋ ಹೊರಳಿತು, ಹಾಲಿನ ಹಿಸಾಬು ತಿಂಗಳ ಕೊನೆಗೆ ಹೋಯಿತು. ಕುತುಬೋದ್ದೀನರು ತಮ್ಮನ ಕೈ ಹಿಡಿದು, ಹಬ್ಬದ ದಿನವಲ್ಲದಿದ್ದರೂ ಇನ್ನೂ ಏನೋ ಮಾತಾಡುತ್ತಿದ್ದರು. ರಾಜರತ್ನ ಮೂಲೆಯಲ್ಲಿ ಕೂತು ಎರಡು ಚಪಾತಿ ತಿಂದು ಜೇಬಿಗೆ ಕೈ ಹಾಕಿದ. ಫಕ್ರೋದ್ದೀನ ಸಾಹೇಬರು ಬಂದು ಆ ಕೈಯನ್ನು ಮೆಲ್ಲಗೆ ಹೊರಗೆ ತೆಗೆದರು.

"ಬ್ಯಾಡ್ರಿ ಮಾಸ್ತರ ಸಾಬ್. ಇಂಥ ಹಾಲತ್‌ನಾಗ ನಿಮ್ಮ ಕಡಿಂದ ರೊಕ್ಕ ತಗೊಂಡ್ರ ನನಗ ಅರಗಾಂಗಿಲ್ಲ."

"ಸಾಹೇಬ್ರ, ನಿಮಗರ ಗೊತ್ತದಲ್ರಿ, ನಾ ಸುಮ್ನ ಹೇಳಿದ್ದು…"

"ಗೊತ್ತದ, ಗೊತ್ತದ," ಎಂದು ಅವರು ಅವನ ಬೆನ್ನು ಸವರಿದರು. "ಇಜ್ಜತ್ ಇರೋರು ಹಿಂಗೇ ಅಂತಾರ." ಒಂದು ಬಿಸ್ಕೀಟು ಪುಡಿಕೆಯನ್ನೂ ಅವನ ಚೀಲದಲ್ಲಿ ತುರುಕಿದರು. "ಮನಿಯಾಗ ಬಾಯೋರಿಗಿ ಕೊಡ್ರಿ. ಅವ್ರೂ ಭಾಳ ಕಷ್ಟ ಕಂಡಿರಬೇಕು."

ಮಧ್ಯಾಹ್ನದ ಪಾಠಕ್ಕೆ ಮೂವತ್ತರ ಜಾ‌ಗಕ್ಕೆ ಐವತ್ತು ಮಂದಿ ಬಂದರು. ಪಾಠ ಯಾರಿಗೂ ಬೇಕಿರಲಿಲ್ಲ. ಯಾವ ಅಂಗಡಿ, ಎಲ್ಲಿ ಇಟ್ಟಿದ್ದಿರಿ, ಪಾಲುದಾರ ಮೋಸ ಮಾಡಿದನೋ ಎಂದು ಕೇಳಿದರು. "ನನಗ ಮುಂಜಾನೇ ಅನಸಿತ್ತು ಬಿಡ್ರಿ," ಎಂದಳು ಖೈರುನ್ನಿಸಾ ಕಣ್ಣೊರೆಸಿಕೊಂಡು. "ತಾ ಅನುಭವಿಸದೆ ಇಷ್ಟು ಚಂದ ಯಾರೂ ಹೇಳಾಂಗಿಲ್ಲ." ಸಂತೋಷಕುಮಾರ ಬಸ್ಸಿನ ತನಕ ಜೊತೆಗೆ ಬಂದು, ಮತ್ತೆ ವ್ಯಾಪಾರಕ್ಕೆ ಹೋಗಬೇಡಿರೆಂದೂ ಒಂದು ಎಮ್ಮೆ ಕಟ್ಟಿರೆಂದೂ ಬುದ್ಧಿ ಹೇಳಿ ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟ.

ಬಸ್ಸು ಸೋಯಾ ಹೊಲಗಳ ನಡುವೆ ಭಾಲ್ಕಿಯ ಕಡೆ ನಿಧಾನ ಸಾಗಿತು. ರಾಜರತ್ನ ಕಿಟಕಿಗೆ ತಲೆಯಾನಿಸಿ ಯೋಚಿಸಿದ. ಒಂದು ಸುಳ್ಳು ಹೇಳಿದ್ದು ಹೌದು, ಆದರೆ ಅದು ಔರಾದಿನಲ್ಲೇ ಉಳಿಯುತ್ತದೆ. ಒಂದು ಮಂಗ್ನಿ ಉಳಿಯಿತು. ಪಾಠವಂತೂ ಎಲ್ಲರಿಗೂ ತಿಳಿಯಿತು. ಹೋಟೆಲಿನಲ್ಲಿ ಜನ ಸವಕಳಿ, ಬಾಧ್ಯತೆ ಎಂದು ಜಗಳಾಡಿದ್ದೇ ಅದಕ್ಕೆ ಸಾಕ್ಷಿ. ಕಾರ್ಯದರ್ಶಿಗಳಿಗೆ ಇದಕ್ಕಿಂತ ಇನ್ನೇನು ಬೇಕು?

ಶಿವರಾಜಪ್ಪನವರ ಮನೆ ಸ್ಟೇಷನ್ ರೋಡಿನಲ್ಲಿತ್ತು. ಮಹಡಿಯ ಮೇಲೆ ಮನೆ, ಕೆಳಗೆ ಬಾಡಿಗೆಗೆ ಕೊಟ್ಟ ಮಳಿಗೆಗಳು. ಮೆಟ್ಟಿಲ ಪಕ್ಕದ ಮಳಿಗೆಯ ಬೋರ್ಡು ಓದಿದ ರಾಜರತ್ನನ ಕಾಲು ಮೊದಲ ಮೆಟ್ಟಿಲಿಗೇ ಅಂಟಿಕೊಂಡಿತು. 'ಜುಲ್ಫೀಕಾರ ಹಾರ್ಡ್‌ವೇರ್.' ಒಳಗೆ ಮೊಳೆ ತೂಗುತ್ತಿದ್ದ ಹಿರಿಯರೊಬ್ಬರು, ಇವನ ಚೀಲವನ್ನೂ ಮುಖವನ್ನೂ ನೋಡಿ ಮೇಲಿನ ಮನೆಗೆ ಬರಬೇಕಿದ್ದ ಮಾಸ್ತರನೇ ಎಂದು ಗುರುತು ಹಿಡಿದವರಂತೆ ತಕ್ಕಡಿ ಇಳಿಸಿ, ಎದೆಯ ಮೇಲೆ ಕೈಯಿಟ್ಟು ಸಾವಿನ ಮನೆಯವರಿಗೆ ಬಾಗುವ ಹಾಗೆ ಬಾಗಿದರು.

ಎಲ್ಲ ಮುಗಿಯಿತೆಂದುಕೊಂಡೇ ಅವನು ಮೇಲೆ ಹೋದ. ಆದರೆ ಶಿವರಾಜಪ್ಪನವರು ತಾವೇ ಎದ್ದು ಕುರ್ಚಿ ಎಳೆದರು.

"ಬರ್ರಿ ಬರ್ರಿ, ಕುಂದರ್ರಿ. ಮಧ್ಯಾಹ್ನದಿಂದ ಔರಾದದ ಫೋನು ನಿಂತಿಲ್ಲ. ಆ ಟೇಲರ್ ಬಾಯಿಗಿ ನಾನೇ ಪರೀಕ್ಷಾ ಮಾಡ್ದೆ, ಸವಕಳಿ ಅಂದ್ರೇನವ್ವಾ ಅಂತ. ಥಟ್ಟನೆ ಹೇಳಿದ್ಳು! ಹಾಲಿನಾಂವಗ ಬಾಧ್ಯತೆ ಅಂದ್ರ ಏನಂತ ಗೊತ್ತದ. ದಿವಾಳಿ ಅಂದ್ರಂತೂ ಸಣ್ಣ ಕೂಸಿಗೂ ಗೊತ್ತದ. ಉಮೇರ ಹೇಳಿದ್ದು ಒಬ್ರಿಗೂ ನೆನಪಿಲ್ಲ ನೋಡ್ರಿ."

ರಾಜರತ್ನನ ಬೆನ್ನು ನೆಟ್ಟಗಾಯಿತು. "ಅಂದ್ರ ಸರ್, ನಂದು…"

"ನಿಮ್ದು ಪಕ್ಕಾ. ಇನ್ನ ಎಲ್ಲಾ ಊರಿಗೂ ನೀವು ಬೇಕೇ ಬೇಕು. ವೇದಿಕಿ ಮ್ಯಾಲ ನಡುವ ನಿಮಗ ಒಂದು ಕುರ್ಚಿ."

"ಕುರ್ಚಿ ಯಾಕ್ರಿ ಸರ್? ನಾ ನಿಂತೇ ಪಾಠ ಮಾಡ್ತೇನಿ."

"ಪಾಠ ಉಮೇರ ಮಾಡ್ತಾನ," ಎಂದರು ಶಿವರಾಜಪ್ಪ ದನಿ ತಗ್ಗಿಸಿ. "ತಪ್ಪು ತಿಳೀಬ್ಯಾಡ್ರಿ. ದಿವಾಳಿ ಆದವ್ರಿಗಿ ಹಣಕಾಸು ಕಲಸೋ ಹುದ್ದಿ ಕೊಟ್ರ ನಾಳಿ ಮಂದಿ ನನಗೇನಂದಾರು? ಉಮೇರ ಹೇಳ್ತಾನ, ನಿಮ್ಮ ಕಡಿ ಕೈ ತೋರಸ್ತಾನ. ನೀವು ಉದಾಹರಣಿಯಾಗಿ ಕುಂದರ್ರಿ, ಸಾಕು."

"ಸರ್, ನಾ ಜನ್ಮದಾಗ ಅಂಗಡಿನೇ ಇಟ್ಟಿಲ್ರಿ!" ರಾಜರತ್ನ ಎದ್ದು ನಿಂತ. "ಅದು ಬರೀ ಉದಾಹರಣಿ!"

"ಅದೇ ಅಲ್ರಿ ನಾ ಹೇಳ್ಲಾಕತ್ತಿದ್ದು? ಇಂಥ ಉದಾಹರಣಿ ಇಡೀ ಜಿಲ್ಲಾದಾಗ ಸಿಗಾಂಗಿಲ್ಲ."

"ಖರೇನೇ ಹೇಳ್ತೇನ್ರಿ ಸರ್, ನಾ ದಿವಾಳಿ ಆಗಿಲ್ಲ."

ಶಿವರಾಜಪ್ಪ ಕನ್ನಡಕ ತೆಗೆದರು. "ಹಂಗಾರ ಫೋನಿನಾಗ ನೀವೇ ಹೇಳಿದ್ದು ಸುಳ್ಳೇನು? ಕೆಳಗ ಜುಲ್ಫೀಕಾರ ಕಿವಿಯಾರೆ ಕೇಳ್ಯಾರ. ನಿಮ್ದಲ್ಲಂದ್ರ ಯಾರ್ದ್ರಿ ಅದು? ಆ ಹೋಟೆಲಿನವ್ರದೇನು?"

ಕೆಳಗಿನ ಮಳಿಗೆಯಲ್ಲಿ ತಕ್ಕಡಿಯ ಸದ್ದು ನಿಂತಿತು. ಕಿಟಕಿ ತೆರೆದಿತ್ತು. ರಾಜರತ್ನ ಆ ಕಿಟಕಿಯನ್ನು ನೋಡಿದ. ಔರಾದಿನ ಯಾವುದೋ ಮನೆಯಲ್ಲಿ ಅರೆದಿಟ್ಟ ಮೆಹಂದಿಯ ಬಟ್ಟಲನ್ನು ಅವನು ನೋಡಿರಲಿಲ್ಲ, ಆದರೂ ಅದು ಅವನಿಗೆ ಕಂಡಿತು.

"ಅಲ್ರಿ," ಎಂದು ಅವನು ಮತ್ತೆ ಕೂತ. "ಅವ್ರುದಲ್ಲ. ನಂದೇ."

ತಕ್ಕಡಿ ಮತ್ತೆ ಸದ್ದು ಮಾಡಿತು.

"ಪಗಾರ ಎಷ್ಟು ಕೊಡ್ತೀರಿ ಸರ್?" ಎಂದು ರಾಜರತ್ನ ಕೇಳಿದ.

"ಪಗಾರ ಉಮೇರಗ. ಉದಾಹರಣಿಗಿ ಎಲ್ಲೀ ಪಗಾರ್ರಿ?" ಶಿವರಾಜಪ್ಪ ಒಳಗಿನ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು. "ವಿಮಲಾಬಾಯಿ, ಇವ್ರಿಗೊಂದು ಚಾ ತಗೊಂಡು ಬಾ."

ಚಹಾ ಕುಡಿದು ಅವನು ಬೀದರಿನ ಬಸ್ಸು ಹಿಡಿದ. ಸೀಟಿನಲ್ಲಿ ಕೂತು ಬಿಸ್ಕೀಟು ಪುಡಿಕೆ ಬಿಚ್ಚುವಾಗ ಸಪ್ನಾಳ ಫೋನು ಬಂತು.

"ಏನಾತ್ರೀ? ತಗೊಂಡ್ರಾ?"

"ತಗೊಂಡ್ರು."

"ಖಾಯಂ?"

ರಾಜರತ್ನ ಯೋಚಿಸಿದ. ಶುಕ್ರವಾರ ಮಂಗ್ನಿ, ಆಮೇಲೆ ಮದುವೆ, ಆಮೇಲೆ ಅವರ ಮಕ್ಕಳುಮರಿ.

"ಖಾಯಂ," ಎಂದ. "ಇನ್ನ ಬಿಡ್ತೀನಂದ್ರೂ ಬಿಡಾಂಗಿಲ್ಲ."

"ಹೌದಾ! ಪಗಾರ ಎಷ್ಟಂತ್ರೀ?"

ಬಸ್ಸು ಹೊರಟಿತು. ಗದ್ದಲದಲ್ಲಿ ಏನೂ ಕೇಳಿಸದವನಂತೆ ಅವನು ಒಂದು ಬಿಸ್ಕೀಟು ಬಾಯಿಗಿಟ್ಟುಕೊಂಡ.

"ನೀ ಊಟ ಮಾಡು," ಎಂದ. "ನಂದು ಚಾ ಆಗೇದ."